ಪರಿಷ್ಕರಣಕ್ಕೆ ಮುನ್ನ ಪ್ರತಿ

ಗಣಕಯಂತ್ರದ ತಂತ್ರಾಂಶಕ್ಕೆ ಕಾಲಕಾಲಕ್ಕೆ ಬರುವ ‘ಅಪ್‌ಡೇಟ್’ ಎಂಬ ಪರಿಷ್ಕರಣವು ಅವಶ್ಯವೇ ಸರಿ. ಅದನ್ನು ತಡೆದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟಂತಾಗುವುದು. ಆದರೆ ಹಿಂದಿರುಗುವ ದಾರಿಯನ್ನು ಕಾಯ್ದಿರಿಸದೆ ಈ ಕಾರ್ಯಕ್ಕೆ ಕೈಹಾಕಬಾರದೆಂಬುದು ನಮ್ಮ ಅಭಿಪ್ರಾಯ. 2018ನೆಯ ಅಕ್ಟೋಬರಿನಲ್ಲಿ ಹೊರಬಂದ ವಿಂಡೋಸ್ 10ರ ಪರಿಷ್ಕರಣವು ಕೆಲವರ ಕಡತಗಳನ್ನೇ ಅಳಿಸಿಹಾಕಿದ್ದರಿಂದ ಮೈಕ್ರೋಸಾಫ್ಟ್ ಸಂಸ್ಥೆಯವರು ಅದರ ವಿತರಣೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು. ‘ಸಿಸ್ಟಂ ರಿಸ್ಟೋರ್’ ಎಂಬ ಸೌಕರ್ಯವು ಯಂತ್ರದ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರಬಲ್ಲುದೇ ಹೊರತು, ಅಳಿದ ಪತ್ರಗಳನ್ನೂ ಭಾವಚಿತ್ರಗಳನ್ನೂ ಮರಳಿಸಲಾರದು. ಆದುದರಿಂದ ಮೊದಲು ಪ್ರತ್ಯೇಕ ಹಾರ್ಡ್ ಡಿಸ್ಕಿನಲ್ಲಿ ಇಡೀ ಯಂತ್ರದ ಪ್ರತಿಯನ್ನು ತೆಗೆದು, ಅದರಲ್ಲಿನ ಒಂದೆರಡು ಕಡತಗಳನ್ನು ತೆರೆದು ಪರೀಕ್ಷಿಸಿ, ತಂತಿ ಕಳಚಿ ಬೇರೆಡೆ ಇಡತಕ್ಕದ್ದು. ಮನೆಯ ಲೆಕ್ಕಪತ್ರ, ಮಕ್ಕಳ ಪ್ರಮಾಣಪತ್ರಗಳೆಲ್ಲವೂ ಇಂದು ಯಂತ್ರದೊಳಗಿವೆ. ಈ ಕೆಲಸವನ್ನು ಗಂಡಸರದೆಂದು ಬಿಡದೆ ನಮ್ಮ ಪೂರ್ವವಿದ್ಯಾರ್ಥಿನಿಯರು ತಾವೇ ಕಲಿಯಲಿ. ತಂದೆತಾಯಿಗಳು ಹೆಣ್ಣುಮಕ್ಕಳಿಗೂ ಕಲಿಸಲಿ.