ಕುದುರೆ ಕುಣೀತಿಲ್ಲ ಸ್ವಾಮಿ, ನಿಂತು ನಿಂತು ಸಾಯ್ತಿದೆ

ಹೋದ ವಾರ ನಮ್ಮ ಹೋಬಳಿಯಲ್ಲಿ ಒಂದು ಕುದುರೆ ಸತ್ತಿತು. ಊರು, ಮನೆ, ಹೆಸರು ಬರೆಯಲ್ಲ, ಗೊತ್ತಿರೋರಿಗೆ ಗೊತ್ತು. ಸಾಕಿದ ಹುಡುಗ ಕೆಟ್ಟೋನಲ್ಲ. ಎರಡು ದಿನ ಊಟ ಬಿಟ್ಟು ಕೂತಿದ್ದ. ಗುಂಡಿ ತೋಡೋಕೆ ಜೆಸಿಬಿ ಬಂದಾಗ ಅಲ್ಲಿ ನಿಂತಿದ್ದೋರೆಲ್ಲ ಹೇಳಿದ್ದು ಒಂದೇ ಮಾತು, "ದೃಷ್ಟಿ ಆಯ್ತು ಕಣಪ್ಪ, ಅಷ್ಟು ಚೆಂದಾಗಿತ್ತು." ಆ ಹೊತ್ತಲ್ಲಿ ಮಾತಾಡೋದು ಬೇಡ ಅಂತ ಬಾಯಿ ಮುಚ್ಕೊಂಡು ಬಂದೆ. ಇವತ್ತು ಅಡಿಕೆಗೆ ನೀರು ಬಿಟ್ಟು ಕೂತಿದೀನಿ, ಕರೆಂಟ್ ಇನ್ನೂ ಎರಡು ಗಂಟೆ ಇರುತ್ತೆ, ಬರೀತೀನಿ. ಕೋಪ ಬಂದ್ರೆ ಬರಲಿ.

ದೃಷ್ಟಿನೂ ಅಲ್ಲ, ಮಾಟನೂ ಅಲ್ಲ. ಆ ಕುದುರೆ ಇಪ್ಪತ್ತು ದಿನ ಗೂಟ ಬಿಟ್ಟು ಕದಲಿರಲಿಲ್ಲ. ಹೊತ್ತೊತ್ತಿಗೆ ಮಾತ್ರ ಬಕೆಟ್ ತುಂಬ ಹಸುವಿನ ಫೀಡು, ಮೇಲೆ ನೆನೆಸಿದ ಕಡಲೆ. ಇಪ್ಪತ್ತೊಂದನೇ ದಿನ ಮದುವೆ ಮೆರವಣಿಗೆ, ಡಿಜೆ, ಪಟಾಕಿ, ಡಾಂಬರು ರಸ್ತೆ ಮೇಲೆ ಐದು ಗಂಟೆ. ವಾಪಸ್ ಬಂದ ಮೇಲೆ ಪಾಪ ದಣಿದಿದೆ ಅಂತ ಇನ್ನೊಂದು ಬಕೆಟ್ ಫೀಡು. ಬೆಳಗಿನ ಜಾವ ಹೊಟ್ಟೆ ಒದ್ಕೊಂಡು ನೆಲಕ್ಕೆ ಬಿದ್ದು ಹೊರಳಾಡ್ತು. ಇದರಲ್ಲಿ ದೃಷ್ಟಿ ಎಲ್ಲಿಂದ ಬಂತು?

ಕುಣಿಗಲ್ ಕುದುರೆ ಫಾರಂ ಜಾಗದಲ್ಲಿ ಟೌನ್‌ಶಿಪ್ ಮಾಡ್ತಾರಂತೆ ಅಂತ ಸುದ್ದಿ ಬಂದಾಗ ನಮ್ಮೋರೆಲ್ಲ ಎಷ್ಟು ಸಿಟ್ಟಾದ್ರು ನೆನಪಿದೆಯಾ? "ಟಿಪ್ಪು ಕಾಲದ ಫಾರಂ ಉಳಿಸಿ" ಅಂತ ವಾಟ್ಸಾಪಲ್ಲಿ ಒಬ್ಬರಿಗಿಂತ ಒಬ್ಬರು. ನಾನೂ ಕಳಿಸಿದೆ. ತಪ್ಪಲ್ಲ, ಉಳೀಬೇಕು. ಆದರೆ ಆ ಫಾರಂ ಯಾಕೆ 400 ಎಕರೆಗೂ ಮೇಲೆ ಇದೆ ಅಂತ ಒಬ್ಬರಾದ್ರೂ ಯೋಚನೆ ಮಾಡಿದ್ರಾ? ಕುದುರೆಗೆ ಲಾಯ ಕಟ್ಟೋಕೆ ಅಷ್ಟು ಜಾಗ ಬೇಕಿಲ್ಲ. ಬೇಲಿ ಹಾಕಿದ ಹುಲ್ಲುಗಾವಲಲ್ಲಿ ತಾಯಿ ಮರಿ ಅಡ್ಡಾಡಬೇಕು, ಓಡಬೇಕು, ಮೇಯಬೇಕು, ಅದಕ್ಕೆ ಅಷ್ಟು ಜಾಗ. ಪಕ್ಕದ ತಾಲ್ಲೂಕಲ್ಲಿ ಇನ್ನೂರು ವರ್ಷದಿಂದ ಕಣ್ಣೆದುರಿಗಿರೋ ಪಾಠ ಇದು. ನಾವು ಕಲಿತಿದ್ದು ಏನು? ಎರಡು ಮಾರು ಹಗ್ಗ, ಒಂದು ಗೂಟ, ತಲೆ ಮೇಲೆ ತಗಡು.

"ಎತ್ತು ಸಾಕಿಲ್ವಾ ನಾವು, ಕುದುರೆ ಏನು ಮಹಾ" ಅಂತಾರೆ. ಎಲ್ಲಾ ಕೆಡೋದು ಇಲ್ಲೇ. ಎತ್ತಿಗೆ ನಾಲ್ಕು ಕೋಣೆ ಹೊಟ್ಟೆ. ಗಬಗಬ ತಿಂದು ಮಲಗಿ ಮೆಲುಕು ಹಾಕುತ್ತೆ. ಕುದುರೆಗೆ ಇರೋದು ಒಂದೇ ಹೊಟ್ಟೆ, ಅದೂ ಮೈಗೆ ಹೋಲಿಸಿದ್ರೆ ಸಣ್ಣದು, ದೊಡ್ಡ ಕುದುರೆಗೂ ಹೆಚ್ಚೆಂದರೆ 15 ಲೀಟರ್. ಬಯಲಲ್ಲಿ ಬಿಟ್ರೆ ದಿನಕ್ಕೆ ಹದಿನಾಲ್ಕು ಹದಿನಾರು ಗಂಟೆ ಒಂದೊಂದೇ ಹೆಜ್ಜೆ ಇಡ್ತಾ ಸ್ವಲ್ಪ ಸ್ವಲ್ಪ ಮೇಯೋ ಪ್ರಾಣಿ ಅದು. ಹೊಟ್ಟೆಯಲ್ಲಿ ಹುಳಿ ಊರ್ತಾನೇ ಇರುತ್ತೆ, ಅದನ್ನ ತಣಿಸೋ ಜೊಲ್ಲು ಬರೋದು ಅಗಿಯೋವಾಗ ಮಾತ್ರ. ಮೇವಿಲ್ಲದೆ ಗಂಟೆಗಟ್ಟಲೆ ನಿಲ್ಲಿಸಿದ್ರೆ ಹೊಟ್ಟೆ ಹುಣ್ಣಾಗುತ್ತೆ. ಒಂದೇ ಸಲಕ್ಕೆ ಕಾಳು ಸುರಿದ್ರೆ ಅರೆಯದ ಹಿಟ್ಟು ಹಿಂದಿನ ದೊಡ್ಡ ಕರುಳಿಗೆ ಹೋಗಿ ಹುಳಿ ಬರುತ್ತೆ. ಆಗ ಒಂದೋ ಹೊಟ್ಟೆಶೂಲೆ, ಇಲ್ಲಾ ಗೊರಸಿನ ಒಳಗೆ ಬಾವು ಬಂದು ಜನ್ಮಪೂರ್ತಿ ಕುಂಟು. ವಾಂತಿ ಮಾಡಿಕೊಳ್ಳೋಣ ಅಂದ್ರೆ ಕುದುರೆಗೆ ಅದೂ ಆಗಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು, ಹಾಗೆ ಹೋಗೋಕೆ ಅದು ನಡೀಬೇಕು.

ಕಾಲಿನದ್ದೂ ಅದೇ ಕಥೆ. ಗೊರಸು ನೆಲಕ್ಕೆ ಊರಿದಾಗ ಅಡಿಭಾಗ ಅಮುಕಿ ರಕ್ತ ಮೇಲಕ್ಕೆ ಹೋಗುತ್ತೆ, ಎತ್ತಿದಾಗ ಕೆಳಕ್ಕೆ ಇಳಿಯುತ್ತೆ. ನಮ್ಮ ಬೋರಿನ ಕೈಪಂಪ್ ಒತ್ತಿದ ಹಾಗೆ. ನಿಂತಲ್ಲೇ ನಿಂತ ಕುದುರೆಯ ಕಾಲು ಬೆಳಿಗ್ಗೆ ಊದಿರುತ್ತಲ್ಲ, ನಮ್ಮೋರು ಅದಕ್ಕೆ ಅರಿಶಿನ ಬೇವಿನೆಣ್ಣೆ ಹಚ್ತಾರೆ. ನಡೆಸ್ರಪ್ಪ ಮೊದಲು. ನಡೆಸಿದ್ರೂ ಇಳೀಲಿಲ್ಲ ಅಂದ್ರೆ ಡಾಕ್ಟ್ರಿಗೆ ತೋರಿಸಿ.

ಇನ್ನು ಆ ವಿಡಿಯೋ. ನೀವೂ ನೋಡಿರ್ತೀರಿ. ಕುದುರೆ ಕಟ್ಟಿದ ಜಾಗದಲ್ಲೇ ತಲೆ ಆ ಕಡೆ ಈ ಕಡೆ ತೂಗ್ತಾ, ಮುಂಗಾಲು ಒಂದಾದ ಮೇಲೊಂದು ಎತ್ತಿಡ್ತಾ ಇದೆ. ಅದಕ್ಕೆ ಸಿನಿಮಾ ಹಾಡು ಹಾಕಿ "ನಮ್ಮ ರಾಜ ಡ್ಯಾನ್ಸ್" ಅಂತ ಬಿಟ್ಟವ್ರೆ. ಡ್ಯಾನ್ಸ್ ಅಲ್ಲ ಅದು. ಕಟ್ಟಿ ಕಟ್ಟಿ, ಒಂಟಿಯಾಗಿ ನಿಂತು ನಿಂತು ಬೇಸರ ತಲೆಗೇರಿದ ಲಕ್ಷಣ. ಹಲಗೆಗೆ ಹಲ್ಲು ಕಚ್ಚಿ ಗಾಳಿ ನುಂಗೋದೂ ಇದೇ ಜಾತಿಯದ್ದು. ಕುದುರೆ ಹಿಂಡಲ್ಲಿ ಬದುಕೋ ಜೀವ. ಇನ್ನೊಂದು ಕುದುರೆ ತರೋಕಾಗದಿದ್ರೆ ಒಂದು ಮೇಕೆ, ಒಂದು ಕರುನಾದ್ರೂ ಕಣ್ಣಿಗೆ ಬೀಳೋ ಹಾಗೆ ಕಟ್ಟಿ. ಜೈಲಲ್ಲಿ ಇರೋನು ಗೋಡೆಗೆ ತಲೆ ಚಚ್ಚಿಕೊಂಡ್ರೆ ನಾವು ತಾಳ ಹಾಕ್ತೀವಾ?

ನಾನೇನು ದೊಡ್ಡ ಮನುಷ್ಯ ಅಂತ ಹೇಳ್ತಿಲ್ಲ. ನನ್ನ ಮೊದಲನೇ ತಟ್ಟುವನ್ನ ಕೊಂದೋನು ನಾನೇ. ಹೋಗಿದ್ದು ಹೀಗೇ. ಅಡಿಕೆ ಕೊಯ್ಲು ಅಂತ ಹದಿನೈದು ದಿನ ಬಿಚ್ಚಲಿಲ್ಲ, ಮೇವು ಮಾತ್ರ ಕಡಿಮೆ ಮಾಡಲಿಲ್ಲ. ಬಿಡುವಾದ ದಿನ ಮಗ ಹತ್ತಿ ನಿಟ್ಟೂರಿನವರೆಗೆ ಓಡಿಸಿಕೊಂಡು ಹೋದ. ಅರ್ಧ ದಾರೀಲಿ ಹಿಂಗಾಲು ಮರದ ಹಾಗೆ ಸೆಟೆದು ನಿಂತಿತು. ಮೈಯೆಲ್ಲ ಬೆವರು, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣ. ನಾವು ಮೊಂಡುತನ ಅಂತ ಎಳೆದ್ವಿ. ಎಳೀಬಾರದಿತ್ತು, ಅಲ್ಲೇ ನಿಲ್ಲಿಸಿ ಡಾಕ್ಟ್ರನ್ನ ಕರೆಸಬೇಕಿತ್ತು. ಮೂರನೇ ದಿನ ಹೋಯ್ತು. ಆಮೇಲೆ ತಿಳೀತು, ಗಾಡಿ ಕುದುರೆಗಳ ಕಾಲದಲ್ಲಿ ಇದಕ್ಕೆ ಸೋಮವಾರದ ಕಾಯಿಲೆ ಅಂತಲೇ ಹೆಸರಿತ್ತಂತೆ. ಭಾನುವಾರ ರಜಾ, ಕಾಳು ಮಾತ್ರ ದಿನದಷ್ಟೇ, ಸೋಮವಾರ ಗಾಡಿಗೆ ಹೂಡಿದಾಗ ಮಾಂಸಖಂಡ ಹಿಡ್ಕೊಳ್ಳೋದು. ಮದುವೆ ಕುದುರೆಯ ಬಾಳೆಲ್ಲ ಭಾನುವಾರ ಮತ್ತೆ ಸೋಮವಾರನೇ ಅಲ್ವಾ? ಅದಕ್ಕೇ ಈಗ ನಮ್ಮ ಚೆನ್ನಿಗೆ ಕೆಲಸ ಇಲ್ಲದ ದಿನ ಕಾಳು ಅರ್ಧಕ್ಕರ್ಧ ಕಡಿಮೆ. ಹುಲ್ಲು ಕಡಿಮೆ ಮಾಡಲ್ಲ.

"ಮೆರವಣಿಗೆಗೆ ಹೋಗುತ್ತಲ್ಲ, ಅದೇ ವ್ಯಾಯಾಮ" ಅಂತ ಒಬ್ಬರು ನನ್ನ ಹತ್ರಾನೇ ಹೇಳಿದ್ರು. ಹತ್ತು ಹೆಜ್ಜೆಗೆ ಒಂದು ಸಲ ನಿಂತು, ಕಿವಿ ಹತ್ರ ಪಟಾಕಿ ಹೊಡೆಸಿಕೊಂಡು, ಡಾಂಬರು ಮೇಲೆ ಲಾಳ ಜಾರಿಸೋದು ವ್ಯಾಯಾಮವಾ? ನೀವು ಮದುವೆ ಮನೆ ಬಾಗಿಲಲ್ಲಿ ಐದು ಗಂಟೆ ನಿಂತು ಬಂದು "ವಾಕಿಂಗ್ ಆಯ್ತು" ಅಂತೀರಾ? ಇನ್ನು ಕೆಲವರು ಬಾಯಿಗೆ ಮುಳ್ಳಿನ ಕಡಿವಾಣ ಹಾಕಿರ್ತಾರೆ, ಹಿಡಿತಕ್ಕೆ ಬರಲಿ ಅಂತ. 1965ರಿಂದಲೇ ಅದಕ್ಕೆ ಕಾನೂನಲ್ಲಿ ನಿಷೇಧ ಇದೆ. ದಿನಾ ನಡೆಸಿ ಪಳಗಿಸಿದ ಕುದುರೆಗೆ ಮುಳ್ಳು ಬೇಕಾಗಲ್ಲ. ಹದಿನೈದು ದಿನ ಕಟ್ಟಿ ಹಾಕಿದ್ದು ಹಾರದೆ ಇನ್ನೇನು ಮಾಡುತ್ತೆ.

ಟೈಮ್ ಇಲ್ಲ ಅನ್ನೋರಿಗೆ ನನ್ನ ಲೆಕ್ಕ ಹೇಳ್ತೀನಿ. ಬೆಳಿಗ್ಗೆ ಒಂದು ಗಂಟೆ. ಮೊದಲ ಹತ್ತು ಹದಿನೈದು ನಿಮಿಷ ಬರೀ ನಡಿಗೆ. ಆಮೇಲೆ ಮಣ್ಣಿನ ದಾರಿಯಲ್ಲಿ ಸ್ವಲ್ಪ ಕುಕ್ಕುಲೋಟ, ಮತ್ತೆ ನಡಿಗೆ, ಮತ್ತೆ ಸ್ವಲ್ಪ ಓಟ. ಕೊನೆಗೆ ಉಸಿರು ಇಳಿಯೋವರೆಗೂ ನಡಿಗೆ. ಬೆವರು ಆರೋವರೆಗೆ ಕಾಳು ಮುಟ್ಟಿಸಲ್ಲ. ತುಂಬ ದಿನ ಕಟ್ಟಿದ್ದನ್ನ ಬಿಚ್ಚೋದಾದ್ರೆ ಮೊದಲ ವಾರ ನಡಿಗೆ ಬಿಟ್ಟು ಇನ್ನೇನೂ ಬೇಡ. ಮಿಕ್ಕ ಹೊತ್ತು ತೆಂಗಿನ ತೋಟದಲ್ಲಿ ಕಾಲೆಕರೆಗೆ ಬೇಲಿ ಹಾಕಿ ಬಿಟ್ಟಿದೀನಿ. ಮುಳ್ಳುತಂತಿ ಅಲ್ಲ, ಗಳ ಕಟ್ಟಿದ ಬೇಲಿ.

ಮೇವಿನ ವಿಷಯ. 300 ಕೆಜಿ ತೂಗೋ ಕುದುರೆಗೆ ದಿನಕ್ಕೆ ಏನಿಲ್ಲಾ ಅಂದ್ರೂ ನಾಲ್ಕೂವರೆ ಕೆಜಿ ಒಣ ಹುಲ್ಲಿನಷ್ಟು ಮೇವು ಬೇಕು, ಮೂರು ನಾಲ್ಕು ಸಲಕ್ಕೆ ಹಂಚಿ. ಬೂಷ್ಟು ಹಿಡಿದ ರಾಗಿ ಹುಲ್ಲು ಎತ್ತು ಹೇಗೋ ತಡ್ಕೊಳ್ಳಬಹುದು, ಕುದುರೆ ತಡೆಯಲ್ಲ. ಕಾಳು ಅಂದ್ರೆ ನಮ್ಮ ಹಿರಿಯರು ಕೊಡ್ತಿದ್ದ ಬೇಯಿಸಿದ ಹುರುಳಿನೇ ಸಾಕು, ಅದೂ ಕೆಲಸಕ್ಕೆ ತಕ್ಕಷ್ಟು. ಕಲ್ಲುಪ್ಪು ನೆಕ್ಕೋಕೆ ಇಡಿ. ನೀರು ದಿನಕ್ಕೆ 25ರಿಂದ 40 ಲೀಟರ್, ಬೇಸಿಗೇಲಿ ಇನ್ನೂ ಹೆಚ್ಚು.

ಇದೊಂದನ್ನ ಮಾತ್ರ ಎರಡು ಸಲ ಓದಿ. ಕೋಳಿ ಫೀಡನ್ನ ಕುದುರೆಗೆ ಹಾಕಲೇಬೇಡಿ. ಕೋಳಿಗೆ ರಕ್ತಬೇಧಿ ಬರದಂಗೆ ಅದರಲ್ಲಿ ಮೊನೆನ್ಸಿನ್ ಥರದ ಔಷಧ ಸೇರಿಸಿರ್ತಾರೆ. ಕೋಳಿಗೆ ಏನೂ ಆಗದ ಪ್ರಮಾಣ ಕುದುರೆಯ ಹೃದಯ ನಿಲ್ಲಿಸುತ್ತೆ. ಕೆಲವು ಹಸುವಿನ ಫೀಡಿನಲ್ಲೂ ಅದು ಇರಬಹುದು, ಚೀಲದ ಮೇಲೆ ಬರೆದದ್ದನ್ನ ಡಾಕ್ಟ್ರಿಗೆ ತೋರಿಸದೆ ಹಾಕಬೇಡಿ.

ಗೊರಸನ್ನ ದಿನಾ ಎತ್ತಿ ಕೆರೆದು ಕಲ್ಲು ತೆಗೀಬೇಕು. ಆರೆಂಟು ವಾರಕ್ಕೊಂದು ಸಲ ಕೆತ್ತಿಸಿ ಲಾಳ ಬದಲಿಸಬೇಕು, ಎತ್ತಿಗೆ ಲಾಳ ಹೊಡೆಯೋರಿಗೆಲ್ಲ ಇದು ಬರಲ್ಲ. ಧನುರ್ವಾಯು ಲಸಿಕೆ, ಜಂತಿನ ಔಷಧ ಡಾಕ್ಟ್ರು ಹೇಳಿದ ಹಾಗೆ. ಹೊಟ್ಟೆಶೂಲೆ ಬಂತು ಅನ್ನಿಸಿದ್ರೆ ಮೇವು ತೆಗೆದು ತಕ್ಷಣ ಫೋನ್ ಮಾಡಿ. ದನಕ್ಕೆ ಹುಯ್ದಂಗೆ ಗೊಟ್ಟದಲ್ಲಿ ಎಣ್ಣೆ ಹುಯ್ಯೋಕೆ ಹೋಗಬೇಡಿ, ಶ್ವಾಸಕೋಶಕ್ಕೆ ಇಳಿದ್ರೆ ಅದೇ ಸಾವು. ಡಾಕ್ಟ್ರು ಮೂಗಿನಿಂದ ಪೈಪ್ ಇಳಿಸಿ ಹಾಕ್ತಾರೆ.

ಇಷ್ಟೆಲ್ಲ ಆಗಲ್ಲ ಅಂದ್ರೆ ತರಬೇಡಿ. ರೇಸ್ ಮುಗಿಸಿದ ಕುದುರೆ ಅಗ್ಗಕ್ಕೆ ಸಿಗುತ್ತೆ ಅಂತ ಬೆಂಗಳೂರಿಗೆ ಗಾಡಿ ಕಟ್ಟಬೇಡಿ. ಹುಟ್ಟಿದಾಗಿನಿಂದ ಓಡಿದ ಪ್ರಾಣಿನ ತಂದು ತಗಡಿನ ಕೆಳಗೆ ಕಟ್ಟೋದಕ್ಕಿಂತ ಆ ದುಡ್ಡಲ್ಲಿ ಒಂದು ಹಳೇ ಬುಲೆಟ್ ತಗೊಳ್ಳಿ. ಅದು ತಿಂಗಳಗಟ್ಟಲೆ ನಿಂತ್ರೂ ಬ್ಯಾಟರಿ ಮಾತ್ರ ಹೋಗೋದು.

ಆ ಹುಡುಗನ ಮನೇಲಿ ಇನ್ನೊಂದು ಹೆಣ್ಣು ಕುದುರೆ ಇದೆ, ಅದೇ ಗೂಟದ ಪಕ್ಕದ ಗೂಟದಲ್ಲಿ. ತಮ್ಮಾ, ನೀನು ಇದನ್ನ ಓದ್ತೀಯ ಅಂತ ಗೊತ್ತು. ನಾನೂ ಚೆನ್ನಿನೂ ದಿನಾ ಬೆಳಿಗ್ಗೆ ಆರಕ್ಕೆ ಕಡಬದ ಕೆರೆ ಏರಿ ಮೇಲೆ ಇರ್ತೀವಿ. ನಾಳೆ ಅದನ್ನ ಬಿಚ್ಕೊಂಡು ಬಾ. ಹತ್ತಬೇಡ, ಕೈಯಲ್ಲಿ ಹಿಡ್ಕೊಂಡೇ ಬಾ.