ಆಕಾಶಕ್ಕೊಬ್ಬ ನೀರುಗಂಟಿ

ಲಕ್ಕವಳ್ಳಿಯ ಜಲಾಶಯದಿಂದ ಹೊರಟ ಭದ್ರೆಯ ನೀರು ದಾವಣಗೆರೆ, ಹರಿಹರ ತಾಲ್ಲೂಕುಗಳ ಗದ್ದೆಗಳನ್ನು ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಯಾರ ಸರದಿ ಎಂದಿಗೆ ಎಂಬುದು ನಾಲೆಯ ಕೊನೆಯ ರೈತನ ಹಳೆಯ ವ್ಯಾಜ್ಯ. ಅದೇ ವ್ಯಾಜ್ಯ ಈಗ ಆಕಾಶಕ್ಕೂ ಏರಿದೆಯೆಂದರೆ ವಾಚಕರಿಗೆ ಅಚ್ಚರಿಯಾದೀತು.

ಭೂಮಿಯ ಚಿತ್ರ ತೆಗೆಯುವ ಸಣ್ಣ ಉಪಗ್ರಹಗಳು ಇಂದು ಗುಂಪುಗುಂಪಾಗಿ ಸುತ್ತುತ್ತಿವೆ. ಬೆಂಗಳೂರಿನ ಪಿಕ್ಸೆಲ್ ಸಂಸ್ಥೆಯೊಂದೇ 2025ರಲ್ಲಿ 6 ಉಪಗ್ರಹಗಳನ್ನು ಕಕ್ಷೆಗೆ ಕಳುಹಿಸಿತು. ಬೆಳೆಯ ಸ್ಥಿತಿಗೂ ನೆರೆಯ ವಿಸ್ತಾರಕ್ಕೂ ಇಂಥ ಚಿತ್ರಗಳೇ ಸಾಕ್ಷಿ. ಆದರೆ ಒಂದು ಉಪಗ್ರಹ ನೆಲದ ಒಂದು ಕೇಂದ್ರಕ್ಕೆ ಎಟುಕುವುದು ಒಮ್ಮೆಗೆ ಸುಮಾರು 10 ನಿಮಿಷ ಮಾತ್ರ. ವಿದ್ಯುತ್ತು, ಚಿತ್ರ ಕೂಡಿಡುವ ಜಾಗ, ಇಳಿಸುವ ಕಾಲ ಎಲ್ಲವೂ ಮಿತ. ಎಲ್ಲಿ ನೋಡಬೇಕು, ಯಾವುದನ್ನು ಬಿಡಬೇಕು ಎಂಬ ಪಟ್ಟಿಯನ್ನು ಬಹುಮಟ್ಟಿಗೆ ನೆಲದ ಮೇಲಿನವರೇ ಬರೆದು ಕಳುಹಿಸುತ್ತ ಬಂದಿದ್ದಾರೆ.

ಈಗ ಆ ನಿರ್ಧಾರವನ್ನು ಉಪಗ್ರಹದೊಳಗಿನ ಗಣಕಕ್ಕೇ ಒಪ್ಪಿಸುವ ಪ್ರಯತ್ನ ನಡೆದಿದೆ. 2017ರಲ್ಲಿ ನಿವೃತ್ತವಾದ ಅಮೆರಿಕದ ಇಒ-1 ಉಪಗ್ರಹ, 2004ರ ಹೊತ್ತಿಗೇ ಜ್ವಾಲಾಮುಖಿಯನ್ನೂ ನೆರೆಯನ್ನೂ ತಾನೇ ಗುರುತಿಸಿ ಮುಂದಿನ ಚಿತ್ರಕ್ಕೆ ವೇಳೆ ಗೊತ್ತುಮಾಡಿಕೊಳ್ಳುತ್ತಿತ್ತು. 2025ರ ಜುಲೈ ತಿಂಗಳ ಪರೀಕ್ಷೆಯಲ್ಲಿ ಕಾಗ್ನಿಸ್ಯಾಟ್-6 ಉಪಗ್ರಹ ತನ್ನ ಮುಂದಿನ ದಾರಿಯನ್ನು ಇಣುಕಿ ನೋಡಿ, ಮೋಡವಿಲ್ಲದ ಎಡೆಯನ್ನು 90 ಸೆಕೆಂಡಿನೊಳಗೆ ಆರಿಸಿಕೊಂಡಿತು.

ಜಾಣತನವೇ ಸರಿ, ನನ್ನ ಶಂಕೆಯೂ ಇಲ್ಲಿಯೇ ಹುಟ್ಟುತ್ತದೆ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ಹರಿಹರದ ತಗ್ಗುಪ್ರದೇಶಗಳಿಗೆ ನುಗ್ಗಿತು. ನೆರೆ ಬರುವುದು ಮೋಡ ಕವಿದ ದಿನಗಳಲ್ಲಿ. ಮೋಡವಿದ್ದಲ್ಲಿ ನೋಡಬೇಡವೆಂಬ ಒಂದೇ ಪಾಠ ಕಲಿತ ಯಂತ್ರ, ನಮಗೆ ಕಣ್ಣು ಬೇಕಾದ ಹೊತ್ತಿನಲ್ಲೇ ಕಣ್ಣು ಮುಚ್ಚೀತು. ಮೋಡವನ್ನು ಹೊಕ್ಕು ನೋಡಬಲ್ಲ ರೇಡಾರ್ ಉಪಗ್ರಹಗಳು ನಮಗುಂಟು: 2022ರಲ್ಲಿ ಹಾರಿದ ಇಒಎಸ್-04, 2025ರಲ್ಲಿ ಹಾರಿದ ನಿಸಾರ್. ಸರದಿಯನ್ನು ಅವುಗಳಿಗೆ ದಾಟಿಸುವ ವಿವೇಕವೂ ಪಟ್ಟಿಯಲ್ಲಿರಬೇಕು. ಹಣ ತೆತ್ತ ಗಿರಾಕಿಯ ಗಣಿಗೂ ತೆರಲಾರದ ರೈತನ ಗದ್ದೆಗೂ ಒಂದೇ ಕ್ಷಣದಲ್ಲಿ ಪೈಪೋಟಿ ಬಿದ್ದರೆ ತಕ್ಕಡಿ ಎತ್ತ ವಾಲಬೇಕು? ಉತ್ತರ ಗಣಕದ್ದಲ್ಲ, ಅದರೊಳಗೆ ತೂಕದ ಕಲ್ಲು ಇಟ್ಟವರದು.

ಕೆರೆಯ ತೂಬು ಕಾಯುವ ನೀರುಗಂಟಿಗೆ ನಮ್ಮ ಊರುಗಳು ಅಧಿಕಾರ ಕೊಟ್ಟಿದ್ದವು. ಸರದಿಯ ಕಟ್ಟಳೆಯನ್ನು ಊರೆಲ್ಲ ಬಲ್ಲದಾದ್ದರಿಂದ, ತಪ್ಪಿದಾಗ ಅವನನ್ನು ಕೇಳಬಹುದಾಗಿತ್ತು. ಯಂತ್ರಕ್ಕೂ ತೀರ್ಮಾನದ ಸ್ವಾತಂತ್ರ್ಯವಿರಲಿ, ನನ್ನ ಅಡ್ಡಿಯಿಲ್ಲ. ಆದರೆ ವಿಪತ್ತಿಗೇ ಮೊದಲ ಸರದಿ ಎಂಬ ಕಟ್ಟಳೆ ಬರಹದಲ್ಲಿರಲಿ. ಯಾವ ಊರನ್ನು ಏಕೆ ಬಿಟ್ಟಿತೆಂಬ ಲೆಕ್ಕ ಜನರ ಕೈಗೆ ಸಿಗಲಿ. ಇಲ್ಲವಾದರೆ ನಾಲೆಯ ಕೊನೆಯವರು ಆಕಾಶದ ಸರದಿಯಲ್ಲೂ ಕೊನೆಯವರಾಗಿಯೇ ಉಳಿದಾರು.