ಯೋಬನ ಗೆಳೆಯರು

ದೇವರು ಸರ್ವಶಕ್ತನು, ದೇವರು ಕರುಣಾಮಯನು, ಆದರೂ ಲೋಕದಲ್ಲಿ ಕೇಡುಂಟು. ಈ ಮೂರು ಮಾತುಗಳನ್ನೂ ಒಟ್ಟಿಗೆ ಹೇಳಬೇಕಾಗಿ ಬಂದುದೇ ಕ್ರೈಸ್ತ ಧರ್ಮಶಾಸ್ತ್ರದ ಹಳೆಯ ಇಕ್ಕಟ್ಟು. ಯಾವುದಾದರೊಂದನ್ನು ಕೈಬಿಟ್ಟರೆ ಉಳಿದೆರಡು ಸುಲಭವಾಗಿ ಹೊಂದಿಕೊಳ್ಳುತ್ತವೆ. ಕೈಬಿಡಲೊಲ್ಲದವರು ಶತಮಾನಗಳಿಂದ ಸಮಾಧಾನವನ್ನು ಹುಡುಕುತ್ತ ಬಂದಿದ್ದಾರೆ. ಕೇಡೆಂಬುದು ಒಂದು ವಸ್ತುವಲ್ಲ, ಒಳಿತಿನ ಅಭಾವ ಎಂದನು ಸಂತ ಅಗಸ್ಟೀನ್. ದೇವರು ಸೃಷ್ಟಿಸಬಹುದಾಗಿದ್ದ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮವೆಂದು 1710ರಲ್ಲಿ ಲೈಬ್ನಿಟ್ಸ್ ವಾದಿಸಿದನು. ಈ ವಾದಗಳ ತರ್ಕಬಲವನ್ನು ಅಳೆಯುವುದು ನನ್ನ ಉದ್ದೇಶವಲ್ಲ. ಅವನ್ನು ಯಾರು, ಯಾರ ಮುಂದೆ ಆಡುತ್ತಾರೆ ಎಂಬುದೇ ನನ್ನ ಪ್ರಶ್ನೆ.

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಲಿಸ್ಬನ್ ನಗರದ ಜನ ಬೆಳಗಿನ ಪೂಜೆಗಾಗಿ ಇಗರ್ಜಿಗಳಲ್ಲಿ ನೆರೆದಿದ್ದಾಗ ನೆಲ ನಡುಗಿತು. ಕಲ್ಲಿನ ಕಮಾನುಗಳು ಭಕ್ತರ ಮೇಲೆಯೇ ಕುಸಿದವು. ಬಯಲೆಂದು ನದೀತೀರಕ್ಕೆ ಓಡಿದವರನ್ನು ಸಮುದ್ರದ ಅಲೆ ಎಳೆದೊಯ್ದಿತು. ಅಳಿದುಳಿದುದನ್ನು ಬೆಂಕಿ ದಿನಗಟ್ಟಲೆ ಸುಟ್ಟಿತು. ಮರುವರ್ಷ ಮಲಗ್ರಿಡ ಎಂಬ ಜೆಸ್ವಿಟ್ ಪಾದ್ರಿಯು ಕಿರುಹೊತ್ತಗೆಯೊಂದನ್ನು ಬರೆದು, ಇದು ನಿಸರ್ಗದ ವ್ಯಾಪಾರವಲ್ಲ, ನಗರದ ಪಾಪಕ್ಕೆ ದೇವರು ವಿಧಿಸಿದ ದಂಡನೆ ಎಂದು ಸಾರಿದನು. ಮುಂದೆ ಪೊಂಬಾಲ್ ಎಂದು ಹೆಸರಾದ ಮಂತ್ರಿಯಾದರೋ ಊರೂರಿನ ಪಾದ್ರಿಗಳಿಗೆ ಪ್ರಶ್ನಾವಳಿಯನ್ನು ಕಳುಹಿಸಿ, ನಡುಕ ಎಷ್ಟು ಹೊತ್ತು ಇತ್ತು, ಎಷ್ಟು ಜನ ಸತ್ತರು, ಸಮುದ್ರ ಏರಿತೋ ಇಳಿಯಿತೋ ಎಂದು ಕೇಳಿಸಿದನು. ಪೊಂಬಾಲನೇನೂ ಸಾಧುವಲ್ಲ, ಅವನ ಹಗೆಗೆ ಸಿಕ್ಕಿದ ಆ ವೃದ್ಧ ಪಾದ್ರಿ 1761ರಲ್ಲಿ ಧರ್ಮದ್ರೋಹದ ಆರೋಪದ ಮೇಲೆ ವಧೆಗೆ ಗುರಿಯಾದನು. ಆದರೂ ಸತ್ತವರನ್ನು ಎಣಿಸಿದ ಪ್ರಶ್ನೆಯಲ್ಲಿದ್ದ ಗೌರವ ಸತ್ತವರನ್ನು ದೂರಿದ ಉತ್ತರದಲ್ಲಿ ಇರಲಿಲ್ಲ.

ಮಲಗ್ರಿಡನು ತನ್ನ ಶಾಸ್ತ್ರವನ್ನೇ ಮರೆತನೆಂದು ನನಗೆ ತೋರುತ್ತದೆ. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಜೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೇನು ಎಂದು ಕೇಳಿ, ಅಲ್ಲವೆಂದು ಯೇಸುವೇ ಉತ್ತರ ಕೊಟ್ಟ ಪ್ರಸಂಗ ಲೂಕನ ಸುವಾರ್ತೆಯಲ್ಲಿದೆ. ಪಶ್ಚಾತ್ತಾಪದ ಎಚ್ಚರಿಕೆಯೂ ಅಲ್ಲಿದೆ, ನಿಜ. ಆದರೆ ಅದು ಬದುಕಿರುವವರಿಗೆ, ಸತ್ತವರ ಮೇಲಿನ ತೀರ್ಪಲ್ಲ.

ಹಳೆಯ ಒಡಂಬಡಿಕೆಯ ಯೋಬನ ಗ್ರಂಥ ಈ ವಿಷಯವನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡು, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕುಳಿತ ಯೋಬನ ಬಳಿಗೆ ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತಿರುತ್ತಾರೆ. ಅನಂತರ ಬಾಯಿ ತೆರೆದು ದೇವರ ಪರವಾಗಿ ವಕಾಲತ್ತು ವಹಿಸುತ್ತಾರೆ: ದೇವರು ನ್ಯಾಯವಂತನು, ಆದುದರಿಂದ ನೀನು ಪಾಪಿ. ಯೋಬನು ದೇವರ ಒಡೆತನವನ್ನು ಅಲ್ಲಗಳೆಯುವುದಿಲ್ಲ. ಅದನ್ನು ನಂಬಿರುವುದರಿಂದಲೇ ತನ್ನ ದೂರನ್ನು ನೇರವಾಗಿ ಅವನಿಗೇ ಸಲ್ಲಿಸುತ್ತಾನೆ. ಕೊನೆಗೆ ಬಿರುಗಾಳಿಯೊಳಗಿಂದ ಮಾತನಾಡುವ ದೇವರು ಯೋಬನನ್ನು ಗದರಿಸುತ್ತಾನೆ. ಸಂಕಟದ ಕಾರಣವನ್ನು ಮಾತ್ರ ಹೇಳುವುದಿಲ್ಲ. ಆದರೆ ಅವನ ಕೋಪ ಎರಗುವುದು ತನ್ನ ವಕೀಲರ ಮೇಲೆ! ತನ್ನ ವಿಷಯವಾಗಿ ಸರಿಯಾದುದನ್ನು ನುಡಿದವನು ಯೋಬನೇ ಎಂದು ಅವನ ತೀರ್ಪು.

ದೈವದ ಒಡೆತನವನ್ನು ಕಾಲ್ವಿನ್‌ನಷ್ಟು ಕಟ್ಟುನಿಟ್ಟಾಗಿ ಎತ್ತಿಹಿಡಿದವರು ವಿರಳ. ಅವನ ಮತದಲ್ಲಿ ದೇವರ ಆಜ್ಞೆಯಿಲ್ಲದೆ ಮಳೆಯ ಹನಿಯೂ ಬೀಳದು. ಅಂಥವನು 1554-55ರಲ್ಲಿ ಜಿನೀವದಲ್ಲಿ ಯೋಬನ ಗ್ರಂಥದ ಮೇಲೆ 159 ಉಪದೇಶಗಳನ್ನು ಮಾಡಿದನು. ಯೋಬನ ಪಕ್ಷ ಒಳ್ಳೆಯದು, ವಾದಿಸಿದ ರೀತಿ ಕೆಟ್ಟದ್ದು. ಗೆಳೆಯರ ಪಕ್ಷ ಕೆಟ್ಟದ್ದು, ವಾದಿಸಿದ ರೀತಿ ಒಳ್ಳೆಯದು ಎಂಬುದು ಅವನು ಅಲ್ಲಿ ಕಂಡ ವೈಚಿತ್ರ್ಯ. ಒಳ್ಳೆಯ ವಾದವೂ ಕೆಟ್ಟ ಪಕ್ಷಕ್ಕೆ ದುಡಿಯಬಲ್ಲುದೆಂದು ಆ ಕಠಿಣ ಪಂಡಿತನೇ ಒಪ್ಪಿದಂತಾಯಿತಲ್ಲವೆ?

ಹಾಗಾದರೆ ವಿಚಾರವನ್ನೇ ಬಿಡಬೇಕೆ ಎಂದು ವಾಚಕರು ಕೇಳಬಹುದು. ಬಿಡಬೇಕಾಗಿಲ್ಲ. ಓದುವ ಕೋಣೆಯಲ್ಲಿ ಲೈಬ್ನಿಟ್ಸನಿಗೂ ಅಗಸ್ಟೀನನಿಗೂ ಸ್ಥಳವುಂಟು. ಆದರೆ ‘ಎಲ್ಲವೂ ದೇವರ ಇಚ್ಛೆ’ ಎಂಬ ಮಾತನ್ನು ಮಗುವನ್ನು ಕಳೆದುಕೊಂಡ ತಾಯಿ ಆಡಿದರೆ ಅದು ಪ್ರಾರ್ಥನೆಯಾಗಬಹುದು, ಆಪಾದನೆಯೂ ಆಗಬಹುದು. ಎರಡಕ್ಕೂ ಅವಳಿಗೆ ಹಕ್ಕುಂಟು. ಪಕ್ಕದಲ್ಲಿ ನಿಂತವನು ಅದನ್ನೇ ಆಡಿದರೆ ಅವಳ ಬಾಯಿ ಕಟ್ಟಿದಂತಾಗುತ್ತದೆ. ಶಿಲುಬೆಯ ಮೇಲೆ ಯೇಸುವೂ ದೇವರು ತನ್ನನ್ನು ಏಕೆ ಕೈಬಿಟ್ಟನೆಂದೇ ಕೂಗಿದನು. ಆ ಕೂಗನ್ನು ತನ್ನ ಗ್ರಂಥದಲ್ಲಿ ಉಳಿಸಿಕೊಂಡ ಧರ್ಮ, ಅದೇ ಪ್ರಶ್ನೆಯನ್ನು ಕೇಳುವ ಇನ್ನೊಬ್ಬರನ್ನು ಸುಮ್ಮನಾಗಿಸಲಾಗದು.

ಸರ್ವಶಕ್ತನಿಗೆ ನಮ್ಮ ವಕಾಲತ್ತಿನ ಅಗತ್ಯವಿಲ್ಲ. ಆ ಮೂವರು ಗೆಳೆಯರು ಮೊದಲ ಏಳು ದಿನ ಮಾಡಿದ್ದಷ್ಟೇ ಸಾಕಾಗಿತ್ತು.